ಅವಧಾನದ ಕೊರತೆ ಮತ್ತು ಆತ್ಮಪರಿಶೀಲನೆ

ವಿದ್ಯಾರ್ಥಿಯೊಬ್ಬನು ಶಾಲೆಯನ್ನು ಬಿಡುವಾಗ ಎರಡು ಬಗೆಯ ದಾಖಲೆಗಳನ್ನು ತನ್ನೊಡನೆ ಕೊಂಡೊಯ್ಯುತ್ತಾನೆ. ಅಂಕಪಟ್ಟಿ, ವರ್ಗಾವಣೆ ಪತ್ರಗಳು ಮೊದಲನೆಯ ಬಗೆಯವು. ಅವು ಪೆಟ್ಟಿಗೆಯ ತಳವನ್ನು ಸೇರುತ್ತವೆ. ಗುರುಗಳೂ ಹಿರಿಯರೂ ಅವನನ್ನು ಕುರಿತು ಆಡಿದ ಮಾತುಗಳು ಎರಡನೆಯ ಬಗೆಯವು. ಅವು ಮನಸ್ಸಿನ ತಳವನ್ನು ಸೇರುತ್ತವೆ. "ಬುದ್ಧಿಯಿದೆ, ಲಕ್ಷ್ಯವಿಲ್ಲ", "ಮನಸ್ಸು ಮಾಡಿದರೆ ಮಾಡಿಯಾನು, ಆದರೆ ಸೋಮಾರಿ", "ಹಿಡಿದ ಕೆಲಸ ಮುಗಿಸುವ ಜಾಯಮಾನವೇ ಅಲ್ಲ" ಎಂಬಂಥ ಮಾತುಗಳನ್ನು ಆಡಿದವರು ಕೇಡು ಬಯಸಿ ಆಡಿದವರಲ್ಲ. ತಿದ್ದಬೇಕೆಂಬ ಕಳಕಳಿಯಿಂದಲೇ ಆಡಿದವರು. ಆದರೂ ನಲವತ್ತು ವರ್ಷ ದಾಟಿದ ಮೇಲೂ ಅದೇ ತೀರ್ಪನ್ನು ತಮ್ಮ ಮೇಲೆ ತಾವೇ ಹೇರಿಕೊಳ್ಳುತ್ತಿರುವವರು ಸಮಾಜದಲ್ಲಿ ಅನೇಕರಿದ್ದಾರೆ. ಅಂಥವರಲ್ಲಿ ಕೆಲವರ ಮಟ್ಟಿಗಾದರೂ ಆ ತೀರ್ಪು ಸರಿಯಾಗಿರಲಿಲ್ಲವೆಂಬುದನ್ನು ವೈದ್ಯಶಾಸ್ತ್ರವು ಕಳೆದ ಅರ್ಧ ಶತಮಾನದಲ್ಲಿ ಕ್ರಮೇಣ ಮನಗಂಡಿದೆ. ಶಿಕ್ಷಣ ಸಂಸ್ಥೆಯೊಂದರ ಸಂಚಿಕೆಯಲ್ಲಿ ಈ ವಿಷಯವು ಚರ್ಚೆಗೆ ಬರುವುದು ಉಚಿತವೇ ಆಗಿದೆ. ಏಕೆಂದರೆ ಆ ತೀರ್ಪು ಬರೆಯಲ್ಪಡುವ ಮೊದಲ ಸ್ಥಳ ಶಾಲೆಯ ಕೊಠಡಿಯೇ.

ಇಂಗ್ಲಿಷಿನ ಆದ್ಯಕ್ಷರಗಳಿಂದ ಎ.ಡಿ.ಎಚ್.ಡಿ. ಎಂದು ಕರೆಯಲ್ಪಡುವ ಈ ಸ್ಥಿತಿಯನ್ನು ಕನ್ನಡದಲ್ಲಿ ಅವಧಾನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎನ್ನಬಹುದು. ಮನಸ್ಸನ್ನು ಬೇಕಾದ ಕಡೆಗೆ ತಿರುಗಿಸಿ ಅಲ್ಲಿಯೇ ನಿಲ್ಲಿಸುವುದು, ಹೊತ್ತನ್ನು ಅಂದಾಜು ಮಾಡುವುದು, ಕೆಲಸಗಳನ್ನು ಒಂದು ಕ್ರಮದಲ್ಲಿಡುವುದು, ನಾಲಿಗೆಯನ್ನೂ ಕೈಕಾಲುಗಳನ್ನೂ ತಡೆದಿಡುವುದು, ಇವು ಈ ಸ್ಥಿತಿಯುಳ್ಳವರಿಗೆ ಇತರರಿಗಿಂತ ಬಹಳ ಕಷ್ಟವಾಗುತ್ತವೆ. ಮೆದುಳಿನ ಮುಂಭಾಗದಲ್ಲಿ ಡೋಪಮೀನ್, ನಾರ್ ಅಡ್ರಿನಲೀನ್ ಎಂಬ ದ್ರವ್ಯಗಳು ನಡೆಸುವ ಕಾರ್ಯದೊಡನೆ ಇದಕ್ಕೆ ಸಂಬಂಧವಿದೆ. ಅನುವಂಶೀಯತೆಯ ಪಾಲು ಇದರಲ್ಲಿ ನೂರಕ್ಕೆ 70ರಿಂದ 80ರಷ್ಟೆಂದು ಅವಳಿ ಮಕ್ಕಳ ಅಧ್ಯಯನಗಳು ತೋರಿಸಿವೆ. ಮಕ್ಕಳಲ್ಲಿ ಸುಮಾರು ನೂರಕ್ಕೆ ಐವರಲ್ಲಿಯೂ, ವಯಸ್ಕರಲ್ಲಿ ಸುಮಾರು ನೂರಕ್ಕೆ ಎರಡೂವರೆಯಷ್ಟು ಮಂದಿಯಲ್ಲಿಯೂ ಇದು ಕಂಡುಬರುತ್ತದೆಂಬುದು ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿದಾಗ ದೊರೆತ ಅಂದಾಜು. ಸಾವಿರಾರು ಹಳೆಯ ವಿದ್ಯಾರ್ಥಿಗಳನ್ನು ಹೊಂದಿರುವ ಸಂಸ್ಥೆಗೆ ಇದು ಅನ್ಯರ ವಿಷಯವಾಗಲಾರದು.

ಇದು ಮೊಬೈಲು ಯುಗದ ಹೊಸ ಸೃಷ್ಟಿಯೆಂಬ ಅಭಿಪ್ರಾಯವೊಂದು ಪ್ರಚಲಿತವಾಗಿದೆ. ಇತಿಹಾಸ ಅದನ್ನು ಸಮರ್ಥಿಸುವುದಿಲ್ಲ. ಜರ್ಮನಿಯ ವೈದ್ಯ ಮೆಲ್ಕಿಯೋರ್ ಆಡಂ ವೈಕಾರ್ಡ್ 1775ರಲ್ಲಿಯೂ, ಸ್ಕಾಟ್ಲೆಂಡಿನ ಅಲೆಗ್ಸಾಂಡರ್ ಕ್ರೈಟನ್ 1798ರಲ್ಲಿಯೂ ಗಮನವು ನಿಲ್ಲದಿರುವ ಸ್ಥಿತಿಯನ್ನು ವೈದ್ಯಕೀಯ ವಿಷಯವಾಗಿಯೇ ವಿವರಿಸಿದ್ದರು. 1902ರಲ್ಲಿ ಜಾರ್ಜ್ ಸ್ಟಿಲ್ ಲಂಡನ್ನಿನಲ್ಲಿ ನೀಡಿದ ಉಪನ್ಯಾಸಗಳಲ್ಲಿ ಬುದ್ಧಿಯಲ್ಲಿ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ಹಿಡಿದಿಟ್ಟುಕೊಳ್ಳಲಾರದ ಮಕ್ಕಳ ವರ್ಣನೆಯಿದೆ. ಆದರೆ ಅದನ್ನು ಅವರು ನೈತಿಕ ನಿಯಂತ್ರಣದ ದೋಷವೆಂದು ಕರೆದರು. ಆ ಮಾತಿನ ನೆರಳು ಇಂದಿಗೂ ಪೂರ್ತಿ ಸರಿದಿಲ್ಲ. ಅಮೆರಿಕದ ಮನೋವೈದ್ಯ ಸಂಘದ ರೋಗನಿರ್ಣಯ ಕೈಪಿಡಿಯು 1968ರಲ್ಲಿ ಇದನ್ನು ಬಾಲ್ಯದ ಅತಿಚಟುವಟಿಕೆಯೆಂದೇ ಗುರುತಿಸಿ, ಹದಿಹರೆಯದಲ್ಲಿ ಸಾಮಾನ್ಯವಾಗಿ ಕುಗ್ಗುತ್ತದೆಂದು ಬರೆಯಿತು. 1976ರಲ್ಲಿ ಯೂಟಾದ ಪಾಲ್ ವೆಂಡರ್ ಮತ್ತು ಅವರ ಸಹೋದ್ಯೋಗಿಗಳು ವಯಸ್ಕರಲ್ಲಿಯೂ ಇದು ಉಳಿದಿರುವುದನ್ನು ಪ್ರಕಟಪಡಿಸಿದರು. 1980ರ ಕೈಪಿಡಿಯಲ್ಲಿ ಒತ್ತು ಚಟುವಟಿಕೆಯಿಂದ ಅವಧಾನದ ಕಡೆಗೆ ತಿರುಗಿತು; ಇಂದಿನ ಹೆಸರು 1987ರಲ್ಲಿ ಬಂದಿತು. 2013ರ ಆವೃತ್ತಿಯಲ್ಲಿ ವಯಸ್ಕರಿಗೆ ಪ್ರತ್ಯೇಕ ಅಳತೆಗೋಲನ್ನೂ ಇಡಲಾಯಿತು. 1970ರ, 80ರ ದಶಕಗಳಲ್ಲಿ ಕರ್ನಾಟಕದ ಪ್ರೌಢಶಾಲೆಗಳಲ್ಲಿ ಓದಿದ ಹುಡುಗರು ಹೀಗೆ ಈ ಅರಿವು ಹಳ್ಳಿ ತಾಲ್ಲೂಕುಗಳನ್ನು ಮುಟ್ಟುವ ಮೊದಲೇ ಶಾಲೆಯಿಂದ ಹೊರಬಿದ್ದರು. ಅವರ ಗುರುಗಳನ್ನು ಇದಕ್ಕಾಗಿ ದೂಷಿಸುವುದು ನ್ಯಾಯವಲ್ಲ. ಆದರೆ ಅವರು ಕೊಟ್ಟ ಹೆಸರನ್ನು ಇನ್ನೂ ಉಳಿಸಿಕೊಂಡು ಹೋಗಬೇಕಾದ ಅಗತ್ಯವೂ ಇಲ್ಲ.

ವಯಸ್ಸಾದಂತೆ ಈ ಸ್ಥಿತಿ ತನ್ನ ವೇಷವನ್ನು ಬದಲಿಸುತ್ತದೆ. ಬೆಂಚಿನಿಂದ ಬೆಂಚಿಗೆ ಹಾರುತ್ತಿದ್ದ ಹುಡುಗ ಐವತ್ತರಲ್ಲಿ ಹಾರುವುದಿಲ್ಲ. ಸಭೆಯಲ್ಲಿ ಕುಳಿತಲ್ಲಿಯೇ ಕಾಲು ಕುಣಿಸುತ್ತಾನೆ, ಮಾತನಾಡುವವರ ವಾಕ್ಯ ಮುಗಿಯುವ ಮೊದಲೇ ಉತ್ತರ ಕೊಡುತ್ತಾನೆ. ವಿಮೆಯ ಕಂತು ಕಟ್ಟಲು ಕೈಯಲ್ಲಿ ಹಣವಿದ್ದೂ ದಿನ ತಪ್ಪುತ್ತದೆ, ದಂಡ ಬೀಳುತ್ತದೆ. ಕನ್ನಡಕ, ಬೀಗದ ಕೈ, ಪಾಸುಪುಸ್ತಕಗಳ ಹುಡುಕಾಟದಲ್ಲಿ ಬೆಳಗು ಕಳೆಯುತ್ತದೆ. ಅಂಗಡಿ ತೆರೆಯುವ ಉತ್ಸಾಹವಿದ್ದವನಿಗೆ ಲೆಕ್ಕ ಬರೆಯುವ ತಾಳ್ಮೆಯಿರುವುದಿಲ್ಲ. ಗುಮಾಸ್ತನ ಮೇಜಿನ ಮೇಲೆ ಮುಕ್ಕಾಲು ಮುಗಿದ ಕಡತಗಳೇ ಹೆಚ್ಚು. ಉಪಾಧ್ಯಾಯರಲ್ಲಿಯೂ ಇಂಥವರಿಲ್ಲದಿಲ್ಲ: ತರಗತಿಯಲ್ಲಿ ಪಾಠ ಹೇಳುವಾಗ ಮಕ್ಕಳನ್ನು ಮಂತ್ರಮುಗ್ಧಗೊಳಿಸುವವರು ಉತ್ತರಪತ್ರಿಕೆಗಳ ಕಟ್ಟನ್ನು ಹದಿನೈದು ದಿನ ಬಿಚ್ಚದೆಯೇ ಇಟ್ಟು, ಫಲಿತಾಂಶದ ಹಿಂದಿನ ರಾತ್ರಿ ದೀಪ ಆರಿಸದೆ ತಿದ್ದುವುದುಂಟು. ಆ ಹದಿನೈದು ದಿನಗಳಲ್ಲಿ ಅವರು ನೆಮ್ಮದಿಯಿಂದ ಇದ್ದರೆಂದು ಭಾವಿಸಬಾರದು. ಪ್ರತಿದಿನವೂ ಆ ಕಟ್ಟು ಕಣ್ಣಿಗೆ ಬಿದ್ದು ಚುಚ್ಚಿರುತ್ತದೆ. ಸೋಮಾರಿತನಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ಸೋಮಾರಿಗೆ ಕೆಲಸ ಬೇಡವಾಗಿರುತ್ತದೆ, ಇವರಿಗೆ ಕೆಲಸ ಬೇಕಾಗಿದ್ದೂ ಅದರ ಬಾಗಿಲು ತೆರೆಯುವುದಿಲ್ಲ.

ಜನರನ್ನು ಹೆಚ್ಚು ದಾರಿ ತಪ್ಪಿಸುವುದು ಇನ್ನೊಂದು ಲಕ್ಷಣ. ಮನಸ್ಸಿಗೆ ಹಿಡಿಸಿದ ವಿಷಯದಲ್ಲಿ ಇವರು ಊಟ ನಿದ್ರೆಗಳನ್ನು ಮರೆತು ಮುಳುಗಬಲ್ಲರು. ಕೆಟ್ಟುಹೋದ ಪಂಪುಸೆಟ್ಟನ್ನು ಬಿಚ್ಚಿ ಜೋಡಿಸುವುದರಲ್ಲಿ ಇಡೀ ದಿನ ಕಳೆಯುವವನು ಅರ್ಧ ಗಂಟೆಯ ಕಂದಾಯದ ಕೆಲಸಕ್ಕೆ ತಾಲ್ಲೂಕು ಕಚೇರಿಗೆ ಹೋಗಲು ಆರು ತಿಂಗಳು ತಳ್ಳುತ್ತಾನೆ. ಇದನ್ನು ಕಂಡ ಮನೆಯವರು "ಬೇಕಾದದ್ದಕ್ಕೆ ಮನಸ್ಸು ಬರುತ್ತದೆ, ಬೇಡವಾದದ್ದಕ್ಕೆ ಮಾತ್ರ ಇಲ್ಲ" ಎಂದು ತೀರ್ಮಾನಿಸುವುದು ಸಹಜ. ಅವಧಾನವು ಇಲ್ಲವೆಂಬುದಲ್ಲ, ಅದರ ಲಗಾಮು ಕೈಗೆ ಸಿಗುವುದಿಲ್ಲವೆಂಬುದೇ ತೊಂದರೆಯ ತಿರುಳು. ಈ ಒಂದು ಸಂಗತಿಯನ್ನು ತಿಳಿದರೆ ಎಷ್ಟೋ ಸಂಸಾರಗಳಲ್ಲಿ ದಿನನಿತ್ಯದ ಕಲಹ ಅರ್ಧವಾದೀತು.

ಹೆಣ್ಣುಮಕ್ಕಳ ವಿಷಯದಲ್ಲಿ ಮರೆವು ಇನ್ನೂ ದೊಡ್ಡದು. ಗದ್ದಲ ಮಾಡುವ ಹುಡುಗನನ್ನು ಶಾಲೆ ಗುರುತಿಸುತ್ತದೆ. ಸದ್ದಿಲ್ಲದೆ ಕಿಟಕಿಯಾಚೆ ನೋಡುತ್ತ ಕುಳಿತ ಹುಡುಗಿಯನ್ನು ಯಾರೂ ಗಮನಿಸುವುದಿಲ್ಲ. ಆಕೆ ಮುಂದೆ ಗೃಹಿಣಿಯಾದಾಗ ಒಲೆಯ ಮೇಲಿನ ಹಾಲು ಉಕ್ಕುವುದು, ಬಂಧುಗಳ ಮನೆಯ ಶುಭಕಾರ್ಯದ ದಿನ ಮರೆಯುವುದು, ನೆನೆಹಾಕಿದ ಕಾಳು ಹುಳಿಯುವುದು, ಇವೆಲ್ಲವೂ ಆಕೆಯ ಗುಣದ ದೋಷಗಳಾಗಿ ಲೆಕ್ಕ ಸೇರುತ್ತವೆ. ಗಂಡಸಿನ ಮರೆವಿಗೆ ಮನೆಯಲ್ಲಿ ನೆನಪಿಸುವವರೊಬ್ಬರಿರುತ್ತಾರೆ. ಇಡೀ ಮನೆಗೆ ನೆನಪಾಗಿರಬೇಕಾದ ಹೆಣ್ಣಿನ ಮರೆವಿಗೆ ಕ್ಷಮೆಯೇ ಇಲ್ಲ.

ಮಠಗಳ ಆಶ್ರಯದ ಪ್ರಸಾದ ನಿಲಯಗಳಲ್ಲಿ ಬೆಳೆದವರ ಅನುಭವ ಈ ಸಂದರ್ಭದಲ್ಲಿ ವಿಶೇಷವಾಗಿ ವಿಚಾರಾರ್ಹ. ಬೆಳಗಿನ ಗಂಟೆ, ಸಾಮೂಹಿಕ ಪ್ರಾರ್ಥನೆ, ಪಂಕ್ತಿಯಲ್ಲಿ ಪ್ರಸಾದ, ಸಂಜೆ ಎಲ್ಲರೂ ಒಂದೇ ಹಜಾರದಲ್ಲಿ ಕುಳಿತು ಓದುವ ನಿಯಮ, ಇವುಗಳ ನಡುವೆ ಅವಧಾನದ ಕೊರತೆಯಿದ್ದ ಹುಡುಗನೂ ಹೇಗೋ ನಿಂತಿರುತ್ತಾನೆ. ಯಾವಾಗ ಏಳಬೇಕು, ಯಾವಾಗ ಉಣ್ಣಬೇಕು, ಯಾವಾಗ ಪುಸ್ತಕ ತೆರೆಯಬೇಕು ಎಂಬುದನ್ನು ಅವನ ಮನಸ್ಸು ನಿರ್ಧರಿಸಬೇಕಾಗಿರುವುದಿಲ್ಲ, ಗಂಟೆಯೇ ನಿರ್ಧರಿಸುತ್ತದೆ. ಅಕ್ಕಪಕ್ಕದಲ್ಲಿ ಓದುವವರಿರುವುದೇ ಅವನಿಗೊಂದು ಊರುಗೋಲು. ಅಂಥ ಹುಡುಗ ಒಳ್ಳೆಯ ಅಂಕಗಳಿಂದ ತೇರ್ಗಡೆಯಾಗಿ ನಗರದ ಕಾಲೇಜನ್ನು ಸೇರಿ, ಬಾಡಿಗೆಯ ಕೋಣೆಯಲ್ಲಿ ಒಬ್ಬನೇ ಉಳಿದಾಗ ಮೊದಲ ವರ್ಷವೇ ಮುಗ್ಗರಿಸುತ್ತಾನೆ. ಊರಿನವರು ಪಟ್ಟಣದ ಗಾಳಿ ತಗುಲಿತೆನ್ನುತ್ತಾರೆ. ಆದುದು ಬೇರೆ: ಹೊರಗಿನಿಂದ ಅವನನ್ನು ಎತ್ತಿಹಿಡಿದಿದ್ದ ವ್ಯವಸ್ಥೆ ಸರಿದುಹೋಯಿತು, ಒಳಗೆ ಅದಕ್ಕೆ ಬದಲಿ ಇರಲಿಲ್ಲ. ವಯಸ್ಕರಾದ ಮೇಲೆಯೇ ಅನೇಕರಲ್ಲಿ ಈ ತೊಂದರೆ ಬಯಲಾಗಲು ಮುಖ್ಯ ಕಾರಣಗಳಲ್ಲಿ ಇದೂ ಒಂದು. ನೌಕರಿ, ಸಂಸಾರ, ಸಾಲದ ಕಂತುಗಳ ಹೊಣೆ ಹೆಚ್ಚಿದಷ್ಟೂ ನೆನಪಿಸುವ ಗಂಟೆಗಳು ಕಡಿಮೆಯಾಗುತ್ತ ಹೋಗುತ್ತವೆ.

ಬಹುಮಂದಿಗೆ ಈ ಅರಿವು ಮಕ್ಕಳ ಮೂಲಕ ಬರುತ್ತದೆ. ಮಗನ ಓದು ಸಾಗುತ್ತಿಲ್ಲವೆಂದು ವೈದ್ಯರ ಬಳಿ ಕರೆದೊಯ್ದ ತಂದೆ, ಮಗನನ್ನು ಕುರಿತು ಕೇಳಲಾದ ಒಂದೊಂದು ಪ್ರಶ್ನೆಗೂ ತನ್ನ ಬಾಲ್ಯದಲ್ಲಿಯೇ ಉತ್ತರ ಕಾಣುತ್ತ ಹೋಗುತ್ತಾನೆ. ಅನುವಂಶೀಯತೆಯ ಪಾಲು ಅಷ್ಟು ದೊಡ್ಡದಾಗಿರುವಾಗ ಇದರಲ್ಲಿ ಆಶ್ಚರ್ಯವಿಲ್ಲ. ಆಗ ಅವನಲ್ಲಿ ಎರಡು ಭಾವಗಳು ಒಟ್ಟಿಗೇ ಏಳುತ್ತವೆ. ತಾನು ಕೆಟ್ಟವನಲ್ಲವೆಂಬ ಸಮಾಧಾನ ಒಂದು; ಮೊದಲೇ ತಿಳಿದಿದ್ದರೆ ಎಂಬ ದುಃಖ ಮತ್ತೊಂದು. ಎರಡನೆಯದು ಸುಲಭವಾಗಿ ಆರುವಂಥದಲ್ಲ. ಬಿಟ್ಟುಹೋದ ಪದವಿ, ಮುರಿದ ಪಾಲುದಾರಿಕೆ, ತಂದೆಯೊಡನೆ ಕಡೆಯವರೆಗೂ ಸರಿಹೋಗದ ಮಾತು, ಇವೆಲ್ಲವನ್ನೂ ಅವನು ಹೊಸ ಬೆಳಕಿನಲ್ಲಿ ಮತ್ತೊಮ್ಮೆ ನೋಡಬೇಕಾಗುತ್ತದೆ.

ತನ್ನಲ್ಲಿ ಇಂಥ ಲಕ್ಷಣಗಳಿವೆಯೇ ಎಂದು ಶಂಕಿಸುವವರ ನೆರವಿಗಾಗಿ ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ 2005ರಲ್ಲಿ ಪ್ರಕಟವಾದ ಹದಿನೆಂಟು ಪ್ರಶ್ನೆಗಳ ಪಟ್ಟಿಯೊಂದಿದೆ. ಅದರ ಮೊದಲ ಆರು ಪ್ರಶ್ನೆಗಳೇ ಪ್ರಾಥಮಿಕ ಪರಿಶೀಲನೆಗೆ ಸಾಕಾಗುತ್ತವೆ. ಕೆಲಸದ ಕಷ್ಟದ ಭಾಗ ಮುಗಿದ ಮೇಲೆ ಉಳಿದ ಸಣ್ಣಪುಟ್ಟದ್ದನ್ನು ಪೂರೈಸಲು ತೊಡಕಾಗುವುದೇ? ಕ್ರಮಬದ್ಧತೆ ಬೇಕಾದ ಕೆಲಸದಲ್ಲಿ ವಿಷಯಗಳನ್ನು ಅಣಿಗೊಳಿಸುವುದು ಕಷ್ಟವೇ? ಭೇಟಿಯ ವೇಳೆಯನ್ನೂ ಕೊಟ್ಟ ಮಾತನ್ನೂ ಮರೆಯುವುದುಂಟೇ? ಹೆಚ್ಚು ಯೋಚನೆ ಬೇಡುವ ಕೆಲಸವನ್ನು ಆರಂಭಿಸದೆ ಮುಂದೂಡುವುದುಂಟೇ? ಬಹಳ ಹೊತ್ತು ಕೂರಬೇಕಾದಾಗ ಕೈಕಾಲು ಸುಮ್ಮನಿರಲಾರವೇ? ಒಳಗೊಂದು ಯಂತ್ರ ತಳ್ಳುತ್ತಿದೆಯೋ ಎಂಬಂತೆ ಏನಾದರೂ ಮಾಡುತ್ತಲೇ ಇರಬೇಕೆನಿಸುವುದೇ? ಕಳೆದ ಆರು ತಿಂಗಳಲ್ಲಿ ಇವು ಎಷ್ಟು ಬಾರಿ ನಡೆದವೆಂಬುದನ್ನು ಪ್ರಾಮಾಣಿಕವಾಗಿ ಗುರುತಿಸಬೇಕು. ಆರರಲ್ಲಿ ನಾಲ್ಕಕ್ಕೆ ಪಟ್ಟಿಯು ನಿಗದಿಪಡಿಸಿದ ಮಟ್ಟ ಮುಟ್ಟಿದರೆ ತಜ್ಞರನ್ನು ಕಾಣುವುದು ಲೇಸು. ಅಷ್ಟೇ ಹೊರತು ಪಟ್ಟಿಯೇ ರೋಗನಿರ್ಣಯವಲ್ಲ.

ಇಲ್ಲಿ ಎಚ್ಚರಿಕೆಯ ಮಾತೊಂದು ಅವಶ್ಯ. ಮರೆವು, ಆಲಸ್ಯ, ಚಂಚಲತೆಗಳು ಎಲ್ಲ ಮನುಷ್ಯರಲ್ಲಿಯೂ ಆಗೊಮ್ಮೆ ಈಗೊಮ್ಮೆ ಕಾಣುವಂಥವು. ಅವು ಬಾಲ್ಯದಿಂದಲೂ ಇದ್ದು, ಮನೆ, ಉದ್ಯೋಗ ಮುಂತಾದ ಒಂದಕ್ಕಿಂತ ಹೆಚ್ಚು ಕಡೆಗಳಲ್ಲಿ ತೋರಿ, ಬದುಕಿಗೆ ನಿಜವಾದ ಹಾನಿ ಮಾಡುತ್ತಿದ್ದರೆ ಮಾತ್ರ ಈ ಹೆಸರು ಸಲ್ಲುತ್ತದೆ. ಥೈರಾಯ್ಡ್ ಗ್ರಂಥಿಯ ತೊಂದರೆ, ರಕ್ತಹೀನತೆ, ನಿದ್ರಾಹೀನತೆ, ಖಿನ್ನತೆ, ಆತಂಕ, ಮದ್ಯಪಾನ, ಇವುಗಳಲ್ಲಿ ಯಾವುದಾದರೂ ಇದೇ ಮುಖವಾಡ ತೊಟ್ಟು ಬರಬಹುದು. ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ 1972 ಮತ್ತು 73ರಲ್ಲಿ ಹುಟ್ಟಿದವರನ್ನು ದಶಕಗಳ ಕಾಲ ಅನುಸರಿಸಿದ ಅಧ್ಯಯನವು 2015ರಲ್ಲಿ ವಿಚಾರ ಮಾಡಬೇಕಾದ ಸಂಗತಿಯೊಂದನ್ನು ಹೊರಗೆಡಹಿತು: 38ನೆಯ ವಯಸ್ಸಿನಲ್ಲಿ ಈ ಲಕ್ಷಣಗಳನ್ನು ತೋರಿದ ಬಹುಪಾಲು ಮಂದಿ ಬಾಲ್ಯದಲ್ಲಿ ಈ ತೊಂದರೆಯಿದ್ದವರ ಗುಂಪಿಗೆ ಸೇರಿರಲಿಲ್ಲ. ಆದುದರಿಂದ ನಾಲ್ಕು ನಿಮಿಷದ ವಿಡಿಯೋ ಒಂದನ್ನು ನೋಡಿ ತಮಗೆ ತಾವೇ ಹೆಸರಿಟ್ಟುಕೊಳ್ಳುವುದು, ಹಿಂದೆ ಶಾಲೆಯು ಅವಸರದಲ್ಲಿ ಸೋಮಾರಿಯೆಂದು ಹೆಸರಿಟ್ಟಷ್ಟೇ ಅವಿಚಾರದ ಕೆಲಸವಾದೀತು.

ಸರಿಯಾದ ನಿರ್ಣಯಕ್ಕೆ ಬಾಲ್ಯದ ಸಾಕ್ಷ್ಯ ಬೇಕು. ಹನ್ನೆರಡು ವರ್ಷದೊಳಗೇ ಕೆಲವು ಲಕ್ಷಣಗಳಿದ್ದುವೇ ಎಂಬುದನ್ನು ವೈದ್ಯರು ಕೇಳುತ್ತಾರೆ. ತಂದೆತಾಯಿಗಳು ಬದುಕಿದ್ದರೆ ಅವರನ್ನೂ, ಸಿಕ್ಕಿದರೆ ಹಳೆಯ ಪ್ರಗತಿಪತ್ರಗಳನ್ನೂ ವಿಚಾರಿಸುತ್ತಾರೆ. ಶಾಲೆಯ ಬೀರುವಿನಲ್ಲಿ ಧೂಳು ಹಿಡಿದಿರುವ ಕಾಗದಕ್ಕೆ ಹೀಗೊಂದು ಬೆಲೆ ಇದೆಯೆಂಬುದು ಯಾರಿಗೂ ಹೊಳೆದಿರಲಿಕ್ಕಿಲ್ಲ. "ಗಮನವಿಲ್ಲ, ಪದೇ ಪದೇ ಪುಸ್ತಕ ಮರೆಯುತ್ತಾನೆ" ಎಂದು ಐದನೆಯ ತರಗತಿಯ ಉಪಾಧ್ಯಾಯರು ನಾಲ್ಕು ದಶಕಗಳ ಹಿಂದೆ ಬರೆದ ಒಂದು ಸಾಲು, ಅಂದು ದೂರಾಗಿದ್ದುದು ಇಂದು ಔಷಧಕ್ಕೆ ದಾರಿಯಾದೀತು.

ಹೀಗೆ ಹೆಸರು ಕೊಟ್ಟರೆ ಅದು ಹೊಣೆಗೇಡಿತನಕ್ಕೆ ನೆಪವಾಗದೇ ಎಂಬ ಆಕ್ಷೇಪವನ್ನು ಹಿರಿಯರು ಎತ್ತುವುದುಂಟು. ಕಾಯಕವನ್ನೇ ಧರ್ಮದ ತಿರುಳೆಂದು ಬಗೆದ ಪರಂಪರೆಯಲ್ಲಿ ಈ ಆಕ್ಷೇಪವು ಲಘುವಾದುದಲ್ಲ. ಆದರೆ ಅದೇ ಪರಂಪರೆಯಲ್ಲಿ ಅದಕ್ಕೆ ಉತ್ತರವೂ ಇದೆ. ಶರಣ ಆಯ್ದಕ್ಕಿ ಮಾರಯ್ಯನವರು ಅನುಭವಗೋಷ್ಠಿಯಲ್ಲಿ ಮೈಮರೆತು ಕುಳಿತಿದ್ದಾಗ, ಅಕ್ಕಿಯನ್ನು ಆಯುವ ವೇಳೆ ಮೀರುತ್ತಿರುವುದನ್ನು ಸತಿ ಲಕ್ಕಮ್ಮನವರು ಬಂದು ನೆನಪಿಸಿದರೆಂದು ಪ್ರತೀತಿ. ಅಂಥ ಶರಣರಿಗೆ ಇಂದಿನ ರೋಗದ ಹೆಸರನ್ನು ಅಂಟಿಸುವುದು ಅವಿವೇಕ. ಗಮನಿಸಬೇಕಾದುದು ಇಷ್ಟೇ: ನೆನಪಿಸಿದವರು ನಿಂದಿಸಲಿಲ್ಲ, ನೆನಪಿಸಿಕೊಂಡವರು ಅವಮಾನಪಡಲಿಲ್ಲ, ಕಾಯಕ ಮುಂದುವರಿಯಿತು. ನೆನಪಿಸುವವರ ಅಗತ್ಯವಿರುವುದು ದೋಷವಲ್ಲವೆಂದು ಒಪ್ಪಿಕೊಂಡವನು ಕಾಯಕದಿಂದ ತಪ್ಪಿಸಿಕೊಳ್ಳುವುದಿಲ್ಲ, ಅದಕ್ಕೆ ಬೇಕಾದ ಏರ್ಪಾಡನ್ನು ಮಾಡಿಕೊಳ್ಳುತ್ತಾನೆ. ಕಣ್ಣು ಮಂಜಾದವನು ಕನ್ನಡಕ ಹಾಕಿಕೊಳ್ಳುವುದನ್ನು ಯಾರೂ ನೆಪವೆನ್ನುವುದಿಲ್ಲ. ಕನ್ನಡಕ ಹಾಕಿಕೊಂಡ ಮೇಲೆ ಓದುವ ಹೊಣೆ ಅವನದೇ.

ಆ ಏರ್ಪಾಡುಗಳು ಯಾವುವು? ಔಷಧಗಳಿವೆ, ಮೀಥೈಲ್‌ಫೆನಿಡೇಟ್, ಆಟೊಮಾಕ್ಸೆಟಿನ್ ಎಂಬವು ಭಾರತದಲ್ಲಿ ಬಳಕೆಯಲ್ಲಿವೆ. ಮೊದಲನೆಯದು 1985ರ ಮಾದಕ ದ್ರವ್ಯಗಳ ಕಾಯಿದೆಯ ನಿಯಂತ್ರಣಕ್ಕೆ ಒಳಪಟ್ಟದ್ದಾದುದರಿಂದ ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದು. ನಾಡಿ, ರಕ್ತದೊತ್ತಡಗಳ ತಪಾಸಣೆಯೂ ಬೇಕು. ಔಷಧವು ಅಡ್ಡಿಯನ್ನು ತಗ್ಗಿಸುತ್ತದೆ, ಅಭ್ಯಾಸವನ್ನು ಬೆಳೆಸಿಕೊಡುವುದಿಲ್ಲ. ಅದಕ್ಕಾಗಿ ಮನಶ್ಶಾಸ್ತ್ರಜ್ಞರ ಮಾರ್ಗದರ್ಶನವಿದೆ. ಉಳಿದುವು ಮನೆಯಲ್ಲಿಯೇ ಆಗುವಂಥವು: ಮನಸ್ಸನ್ನು ನಂಬದೆ ಕಾಗದವನ್ನು ನಂಬುವುದು, ಬೀಗದ ಕೈಗೆ ಒಂದೇ ಮೊಳೆ ಹೊಡೆಯುವುದು, ದೊಡ್ಡ ಕೆಲಸವನ್ನು ಹದಿನೈದು ನಿಮಿಷಗಳ ತುಂಡುಗಳಾಗಿ ಮಾಡಿ ಗಡಿಯಾರವಿಟ್ಟುಕೊಳ್ಳುವುದು, ಕಂತುಗಳು ಬ್ಯಾಂಕಿನಿಂದ ತಾವಾಗಿಯೇ ಸಲ್ಲುವಂತೆ ಬರೆದುಕೊಡುವುದು, ಬೇಸರದ ಕೆಲಸಕ್ಕೆ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳುವುದು. ಸೂಕ್ಷ್ಮವಾಗಿ ನೋಡಿದರೆ ಇವೆಲ್ಲವೂ ಪ್ರಸಾದ ನಿಲಯದ ಗಂಟೆಯನ್ನೂ ಓದುವ ಹಜಾರವನ್ನೂ ವಯಸ್ಕನು ತನ್ನ ಮನೆಯಲ್ಲಿ ಪುನಃ ಕಟ್ಟಿಕೊಳ್ಳುವ ಪ್ರಯತ್ನಗಳೇ.

ನೆರವು ಎಲ್ಲಿದೆಯೆಂಬುದೂ ತಿಳಿದಿರಬೇಕು. ಮಾನಸಿಕ ಆರೋಗ್ಯದ ಸೇವೆಯನ್ನು ಜಿಲ್ಲೆಯ ಮಟ್ಟಕ್ಕೆ ಒಯ್ಯುವ ಪ್ರಯೋಗವು 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮೂಲಕ ಬಳ್ಳಾರಿ ಜಿಲ್ಲೆಯಲ್ಲಿ ನಡೆದು, 1996ರಲ್ಲಿ ರಾಷ್ಟ್ರೀಯ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾಯಿತೆಂಬುದು ಕನ್ನಡಿಗರು ಹೆಮ್ಮೆಪಡುವ ವಿಷಯ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಲ್ಲದೆ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಮನೋವೈದ್ಯರನ್ನು ಕಾಣಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯನ್ನು 14416 ಸಂಖ್ಯೆಗೆ ಕರೆ ಮಾಡಿ ಪಡೆಯಬಹುದು. ಕಾನೂನಿನ ಕಡೆ ಮಾತ್ರ ಕೊರತೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಇಪ್ಪತ್ತೊಂದು ಬಗೆಗಳ ಪಟ್ಟಿಯಲ್ಲಿ ಕಲಿಕೆಯ ನಿರ್ದಿಷ್ಟ ನ್ಯೂನತೆಗೂ ಆಟಿಸಂಗೂ ಸ್ಥಾನ ದೊರೆತಿದೆ, ಎ.ಡಿ.ಎಚ್.ಡಿ.ಗೆ ಪ್ರತ್ಯೇಕ ಹೆಸರಿನ ಸ್ಥಾನವಿಲ್ಲ. ಕಾನೂನು ಬರುವವರೆಗೆ ವಿವೇಕವೇ ಆ ಸ್ಥಾನವನ್ನು ತುಂಬಬೇಕು.

ಈ ವಿವೇಕವನ್ನು ಮಠದ ಶಾಲೆಗಳಿಂದಲೇ ನಿರೀಕ್ಷಿಸುವುದು ಅತಿಯಾದ ಆಸೆಯಲ್ಲ. ಉಪಾಧ್ಯಾಯರು ಪ್ರಗತಿಪತ್ರದಲ್ಲಿ ತೀರ್ಪನ್ನು ಬರೆಯುವ ಬದಲು ಕಂಡುದನ್ನು ಬರೆಯಲಿ: ಸೋಮಾರಿ ಎಂಬುದು ತೀರ್ಪು, ಲೆಕ್ಕವನ್ನು ಸರಿಯಾಗಿ ಆರಂಭಿಸಿ ಕೊನೆಯ ಹಂತದಲ್ಲಿ ಬಿಡುತ್ತಾನೆ ಎಂಬುದು ಕಂಡುದು. ತಮ್ಮಲ್ಲಿಯೇ ಈ ಲಕ್ಷಣಗಳನ್ನು ಕಂಡವರು ಅದನ್ನು ಮುಚ್ಚಿಡದಿರಲಿ; ಅಂಥ ಗುರುಗಳೇ ಅಂಥ ಮಕ್ಕಳನ್ನು ಬೇಗ ಗುರುತಿಸಬಲ್ಲರು. ಶಾಲೆಯ ಕಚೇರಿಯು ಹಳೆಯ ದಾಖಲೆಗಳನ್ನು ಕಾಪಾಡಿ, ಕೇಳಿಬಂದ ಹಳೆಯ ವಿದ್ಯಾರ್ಥಿಗಳಿಗೆ ಸಂಕೋಚವಾಗದಂತೆ ಪ್ರತಿಯನ್ನು ಕೊಡಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ಜೊತೆಯಲ್ಲಿ ಓದಿ ನಡುವೆಯೇ ಕಳೆದುಹೋದ ಬುದ್ಧಿವಂತ ಗೆಳೆಯರನ್ನು ನೆನೆಯಲಿ, ಸಾಧ್ಯವಾದರೆ ಹುಡುಕಿ ಮಾತನಾಡಿಸಲಿ. ದಾನಿಗಳಲ್ಲಿ ಒಂದು ಅರಿಕೆ ಸಲ್ಲುತ್ತದೆ. ಕೊಠಡಿಗೊಂದು ಹೆಸರಿನ ಕಲ್ಲು ಇಡುವುದು ಪುಣ್ಯದ ಕಾರ್ಯವೇ; ಆದರೆ ಕೊಠಡಿಯಲ್ಲಿ ಕುಳಿತೂ ಅಲ್ಲಿರಲಾರದ ಮಗುವಿಗಾಗಿ ಒಬ್ಬ ಆಪ್ತಸಮಾಲೋಚಕರ ಸಂಬಳವನ್ನು ದತ್ತಿಯಾಗಿ ಇಡುವುದು ಅದಕ್ಕಿಂತ ಕಿರಿದಾದ ಸೇವೆಯಲ್ಲ. ಆ ಸಮಾಲೋಚಕರು ವಾರಕ್ಕೊಂದು ದಿನ ಪಾಲಕರಿಗೂ ಹಳೆಯ ವಿದ್ಯಾರ್ಥಿಗಳಿಗೂ ದೊರೆಯುವಂತಾದರೆ ಒಂದೇ ದತ್ತಿಯಿಂದ ಎರಡು ತಲೆಮಾರುಗಳಿಗೆ ಉಪಕಾರವಾದೀತು.

ಅನ್ನ, ಅಕ್ಷರ, ಆಶ್ರಯಗಳ ದಾಸೋಹದಿಂದ ಮಠಗಳು ಈ ನಾಡಿನ ಲಕ್ಷಾಂತರ ಬಡಮಕ್ಕಳನ್ನು ಎತ್ತಿವೆ. ಮನಸ್ಸಿನ ಚಂಚಲತೆಯನ್ನು ಶಿವಶರಣರು ಪರರ ಮೇಲೆ ಹೊರಿಸದೆ ತಮ್ಮೊಳಗೇ ನೋಡಿಕೊಂಡರು. ನೋಡಿಕೊಂಡು ಕೈಕಟ್ಟಿ ಕೂರಲಿಲ್ಲ. ವಯಸ್ಕನೊಬ್ಬನು ತನ್ನ ಅವಧಾನದ ಕೊರತೆಯನ್ನು ಇಂದು ಧೈರ್ಯದಿಂದ ಪರಿಶೀಲಿಸಿಕೊಳ್ಳುವುದು ಆ ಆತ್ಮನಿರೀಕ್ಷಣೆಗೆ ಹೊರತಾದುದಲ್ಲ. ಹಾಗೆ ಪರಿಶೀಲಿಸಿಕೊಂಡವನಿಗೆ ಶಾಲೆಯು ಹಿಂದೊಮ್ಮೆ ಕೊಟ್ಟ ಹೆಸರನ್ನು ಹಿಂದಕ್ಕೆ ಪಡೆದು, ಅವನ ಮಕ್ಕಳಿಗೆ ಆ ಹೆಸರು ಮತ್ತೆ ಅಂಟದಂತೆ ನೋಡಿಕೊಂಡರೆ, ಅಕ್ಷರ ದಾಸೋಹವು ಇನ್ನೂ ಒಂದು ಹೆಜ್ಜೆ ಪೂರ್ಣವಾದೀತು.